ಏಳೂವರೆ ತೊಲೆ ಎಂದರೆ ಎಷ್ಟು ಗ್ರಾಂ?

ರಂಜಾನ್ ಹತ್ತಿರ ಬಂತೆಂದರೆ ನಿಪ್ಪಾಣಿ, ಚಿಕ್ಕೋಡಿ, ರಾಯಬಾಗದ ಮೊಬೈಲುಗಳಲ್ಲಿ ಝಕಾತ್ ಎಂಬ ಕಡ್ಡಾಯ ದಾನದ ಲೆಕ್ಕ ಹೇಳುವ ಚೀಟಿಗಳು ಓಡಾಡತೊಡಗುತ್ತವೆ. ಕೆಲವು ಉರ್ದುವಿನಲ್ಲಿ, ಕೆಲವು ಮರಾಠಿಯಲ್ಲಿ, ಈಚೆಗೆ ಕನ್ನಡದಲ್ಲೂ. ಏಳೂವರೆ ತೊಲೆ ಬಂಗಾರ ಅಥವಾ ಐವತ್ತೆರಡೂವರೆ ತೊಲೆ ಬೆಳ್ಳಿ ಇದ್ದವರು ನೂರಕ್ಕೆ ಎರಡೂವರೆ ಕೊಡಬೇಕು ಎಂಬುದು ಬಹುತೇಕ ಎಲ್ಲದರ ಸಾರ. ಮಾತೇನೋ ಸರಿ. ಆದರೆ ಆ ತೊಲೆ 11.66 ಗ್ರಾಮಿನ ಹಳೆಯ ತೊಲೆ. ಇವತ್ತು ಸರಾಫರ ಅಂಗಡಿಯಲ್ಲಿ ತೊಲೆ ಎಂದರೆ 10 ಗ್ರಾಂ. ಹಳೆಯ ತೂಕದಲ್ಲಿ ಬಂಗಾರದ ನಿಸಾಬ್, ಅಂದರೆ ಝಕಾತ್ ಕಡ್ಡಾಯವಾಗುವ ಕನಿಷ್ಠ ಪ್ರಮಾಣ, 87.48 ಗ್ರಾಂ. ಹೊಸ ತೊಲೆಯಿಂದ ಗುಣಿಸಿದರೆ ಬರೀ 75. ಬೆಳ್ಳಿಯಲ್ಲಿ 612.36 ಗ್ರಾಂ ಇರಬೇಕಾದದ್ದು 525ಕ್ಕೆ ಇಳಿಯುತ್ತದೆ. ಚೀಟಿ ಬರೆದವರು ಗ್ರಾಮಿನಲ್ಲಿ ಬರೆದಿದ್ದರೆ ಈ ಗೊಂದಲವೇ ಇರುತ್ತಿರಲಿಲ್ಲ.

ಧರ್ಮ ಮತ್ತು ದುಡ್ಡು ಎರಡೂ ಸೇರುವ ಬರಹದಲ್ಲಿ ಸಂಪಾದಕನಾದವನು ಮೊದಲು ನೋಡಬೇಕಾದದ್ದು ಇಂಥದ್ದನ್ನೇ. ಉಪದೇಶ ಎಷ್ಟು ಚೆಂದವಿದೆ ಎಂಬುದು ಆಮೇಲೆ.

ಎರಡನೆಯ ತೊಡಕು ಇನ್ನೂ ಆಳದ್ದು. ಇಸ್ಲಾಮಿನ ಬಗ್ಗೆ ಕನ್ನಡದಲ್ಲಿ ಬರುವ ಬರಹಗಳಲ್ಲಿ ದೊಡ್ಡ ಪಾಲು ಮಂಗಳೂರು ಕಡೆಯದು. ಅಲ್ಲಿಯ ಬ್ಯಾರಿಗಳು, ಭಟ್ಕಳದ ನವಾಯತರು ಶಾಫಿ ಪಂಥದವರು. ಘಟ್ಟದ ಮೇಲೆ, ನಮ್ಮ ಗಡಿಭಾಗದಲ್ಲಿ, ಹೆಚ್ಚಿನವರು ಹನಫಿಗಳು. ಹೆಣ್ಣುಮಕ್ಕಳು ಮೈಮೇಲೆ ಹಾಕಿಕೊಳ್ಳುವ ಒಡವೆಗೆ ಶಾಫಿಗಳಲ್ಲಿ ಸಾಮಾನ್ಯವಾಗಿ ಝಕಾತ್ ಇಲ್ಲ, ಹನಫಿಗಳಲ್ಲಿ ಇದೆ. ಕರಾವಳಿಯಲ್ಲಿ ಬರೆದ ಪುಟವನ್ನು ಅಥಣಿಯ ಗೃಹಿಣಿ ಓದಿದರೆ ಬರೆದವರದೂ ತಪ್ಪಿಲ್ಲ, ಓದಿದವರದೂ ತಪ್ಪಿಲ್ಲ, ಆದರೂ ಲೆಕ್ಕ ತಪ್ಪುತ್ತದೆ. ಆದ್ದರಿಂದ ಯಾವ ಪಂಥದ ಪ್ರಕಾರ ಹೇಳುತ್ತಿದ್ದೇವೆ ಎಂಬುದು ಮೊದಲ ಸಾಲಿನಲ್ಲೇ ಇರಬೇಕು. ಹೊಲದ ಫಸಲಿಗೂ ಹೀಗೆಯೇ. ಮಳೆಯಾಶ್ರಿತ ಬೆಳೆಗೆ ಹತ್ತನೇ ಒಂದು, ಖರ್ಚು ಮಾಡಿ ನೀರು ಹಾಯಿಸಿದ ಬೆಳೆಗೆ ಇಪ್ಪತ್ತನೇ ಒಂದು ಎಂಬ ‘ಉಶ್ರ್’ ನಿಯಮ ಕೃಷ್ಣೆಯ ದಂಡೆಯ ಕಬ್ಬಿಗೆ ಹೊಂದುವುದೇ, ಭಾರತದ ಜಮೀನಿಗೆ ಅದು ಅನ್ವಯಿಸುವುದೇ ಎಂಬಲ್ಲಿ ಉಲಮಾಗಳಲ್ಲೇ ಒಮ್ಮತವಿಲ್ಲ. ಒಮ್ಮತವಿಲ್ಲದ ಕಡೆ ಇದೆಯೆಂದು ಬರೆಯುವುದು ಓದುಗನಿಗೆ ಮಾಡುವ ಅನ್ಯಾಯ.

ಝಕಾತಿನ ಲೆಕ್ಕ ತಪ್ಪಿದರೆ ಹೋಗುವುದು ಅಲ್ಪಸ್ವಲ್ಪ. ಹೂಡಿಕೆಯ ಬರಹ ತಪ್ಪಿದರೆ ಮನೆಯೇ ಹೋಗುತ್ತದೆ. ಬೆಂಗಳೂರಿನ ಐ ಮಾನಿಟರಿ ಅಡ್ವೈಸರಿ, ಜನರ ಬಾಯಲ್ಲಿ ಐಎಂಎ, ಅದಕ್ಕೆ ಸಾಕ್ಷಿ. 2006ರಲ್ಲಿ ಶುರುವಾದ ಸಂಸ್ಥೆ ಬಡ್ಡಿಯಿಲ್ಲದ ಹಲಾಲ್ ಹೂಡಿಕೆ ಎಂದು ಹೇಳಿಕೊಂಡು ಸಾವಿರಾರು ಕುಟುಂಬಗಳಿಂದ ಹಣ ಎತ್ತಿತು. 2019ರ ಜೂನಿನಲ್ಲಿ ಅದರ ಮುಖ್ಯಸ್ಥ ಮೊಹಮ್ಮದ್ ಮನ್ಸೂರ್ ಖಾನ್ ದುಬೈಗೆ ಪರಾರಿಯಾದ. ಜುಲೈ 19ರಂದು ದೆಹಲಿ ವಿಮಾನ ನಿಲ್ದಾಣದಲ್ಲಿ ಜಾರಿ ನಿರ್ದೇಶನಾಲಯ ಅವನನ್ನು ವಶಕ್ಕೆ ಪಡೆಯಿತು. ಆಗಸ್ಟ್‌ನಲ್ಲಿ ಪ್ರಕರಣ ಸಿಬಿಐಗೆ ಹೋಯಿತು. ಮೊತ್ತ ಸುಮಾರು 4,000 ಕೋಟಿ ರೂಪಾಯಿ ಎಂದು ತನಿಖೆಯವರು ಹೇಳಿದರು.

ಅಲ್ಲಿ ನಡೆದ ಚಾಲಾಕಿ ಗಮನಿಸಿ. ಹಣ ಕಟ್ಟಿದವರನ್ನು ಠೇವಣಿದಾರರೆನ್ನದೆ ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆ ಸಂಸ್ಥೆಯ ‘ಪಾಲುದಾರರು’ ಎಂದರು. ತಿಂಗಳಿಗೆ ನೂರಕ್ಕೆ ಎರಡೂವರೆ, ಮೂರು ರೂಪಾಯಿಯಂತೆ ಬರುತ್ತಿದ್ದುದಕ್ಕೆ ಲಾಭಾಂಶವೆಂದು ಹೆಸರಿಟ್ಟರು. ಮೂರರಂತೆ ಹಿಡಿದರೆ ವರ್ಷಕ್ಕೆ ನೂರಕ್ಕೆ 36. ಶರಿಯತ್ತಿನ ‘ಮುದಾರಬಾ’ ಒಪ್ಪಂದದಲ್ಲಿ ಒಬ್ಬನದು ಹಣ, ಇನ್ನೊಬ್ಬನದು ದುಡಿಮೆ. ಲಾಭ ಬಂದರೆ ಮೊದಲೇ ಮಾತಾಡಿಕೊಂಡ ಪಾಲು, ನಷ್ಟವಾದರೆ ಹಣ ಹಾಕಿದವನದು. ಅಂದಮೇಲೆ ತಿಂಗಳು ತಿಂಗಳೂ ನಿಲ್ಲದೆ ಲಾಭ ಕೊಡುತ್ತೇನೆ, ಅಸಲಿಗೆ ಧಕ್ಕೆಯಿಲ್ಲ ಎನ್ನುವವನು ಬಡ್ಡಿಗೇ ಬೇರೆ ಟೋಪಿ ಹಾಕಿದ್ದಾನೆ. ಇದನ್ನು ಕಂಡುಹಿಡಿಯಲು ಅರ್ಥಶಾಸ್ತ್ರದ ಪದವಿ ಬೇಕಿರಲಿಲ್ಲ. ಹಾಗಿದ್ದೂ ಈ ಸರಳ ಮಾತಿಗಿಂತ ಅವರ ಜಾಹೀರಾತೇ ಹೆಚ್ಚು ಮನೆ ಮುಟ್ಟಿತು.

ಹಲಾಲೇ ಎಂಬುದು ಒಂದು ಪ್ರಶ್ನೆ, ಭದ್ರವೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಮೌಲಾನಾ ಉತ್ತರಿಸಬೇಕು, ಎರಡನೆಯದಕ್ಕೆ ಲೆಕ್ಕಪರಿಶೋಧಕ ಇಲ್ಲವೇ ವಕೀಲ. ಒಬ್ಬರ ಉತ್ತರವನ್ನು ಇನ್ನೊಬ್ಬರ ಪ್ರಶ್ನೆಗೆ ಅಂಟಿಸಿದ ಬರಹ ಅಚ್ಚಿಗೆ ಹೋಗಬಾರದು. ಇಬ್ಬರೂ ನೋಡಿದ್ದರೆ ಇಬ್ಬರ ಹೆಸರೂ, ನೋಡಿದ ತಾರೀಖೂ ಪುಟದ ಅಡಿಯಲ್ಲಿರಲಿ. ಬರೆದವನಿಗೆ ಆ ಸಂಸ್ಥೆಯಿಂದ ಕಮಿಷನ್ ಬರುತ್ತಿದ್ದರೆ ಅದನ್ನೂ ಅಲ್ಲೇ ಹೇಳಬೇಕು. ನನ್ನ ಕೇಳಿದರೆ ಅಂಥವನಿಂದ ಬರೆಸಲೇಬಾರದು.

ಭಾರತದಲ್ಲಿ ಪರವಾನಗಿ ಪಡೆದ ಇಸ್ಲಾಮಿಕ್ ಬ್ಯಾಂಕ್ ಇಲ್ಲ. ರಘುರಾಮ್ ರಾಜನ್ ಸಮಿತಿ 2008ರಲ್ಲಿ ಬಡ್ಡಿರಹಿತ ಬ್ಯಾಂಕಿಂಗ್ ಬೇಕೆಂದಿತ್ತು. 2017ರಲ್ಲಿ ರಿಸರ್ವ್ ಬ್ಯಾಂಕ್ ಆ ಪ್ರಸ್ತಾವವನ್ನು ಮುಂದುವರಿಸುವುದಿಲ್ಲ ಎಂದಿತು. ಹಾಗಾಗಿ ಕಾಗವಾಡದಲ್ಲೋ ಅಥಣಿಯಲ್ಲೋ ಯಾರಾದರೂ ಇಸ್ಲಾಮಿಕ್ ಬ್ಯಾಂಕ್ ಎಂಬ ಬೋರ್ಡು ಹಾಕಿದರೆ ಅನುಮಾನ ಪಡಲು ಅಷ್ಟೇ ಸಾಕು. ಬಡ್ಡಿಯಿಲ್ಲದ ಸಾಲ ಕೊಡುವ ಪತ್ತಿನ ಸಂಘಗಳು ದೇಶದಲ್ಲಿ ಪ್ರಾಮಾಣಿಕವಾಗಿ ನಡೆಯುತ್ತಿವೆ, ಅವುಗಳ ಬಗ್ಗೆ ಧಾರಾಳವಾಗಿ ಬರೆಯಬಹುದು. ಆದರೆ ಬ್ಯಾಂಕಿನ ಠೇವಣಿಗಿರುವ 5 ಲಕ್ಷ ರೂಪಾಯಿವರೆಗಿನ ವಿಮೆ ಪತ್ತಿನ ಸಂಘದ ಠೇವಣಿಗೆ ಇಲ್ಲ ಎಂಬ ಸಾಲು ಬಿಟ್ಟುಹೋಗಬಾರದು. ಹತ್ತು ಜನ ಹೆಣ್ಣುಮಕ್ಕಳು ಸೇರಿ ತಿಂಗಳಿಗಿಷ್ಟು ಹಾಕಿ, ಸರದಿಯಂತೆ ಎತ್ತಿಕೊಳ್ಳುವ ಭಿಶಿಯಲ್ಲಿ ಸವಾಲು ಕೂಗುವುದಿಲ್ಲವಾದರೆ ಬಡ್ಡಿಯ ಪ್ರಶ್ನೆ ಏಳುವುದಿಲ್ಲ. ಅಲ್ಲಿ ಉಳಿಯುವುದು ಹಣ ಹಿಡಿದವರ ಮೇಲಿನ ನಂಬಿಕೆಯೊಂದೇ, ಅದನ್ನೂ ಬರೆಯಬೇಕು.

ಕನ್ನಡದ ಓದುಗರಿಗೆ ದೂರು ಕೊಡುವ ದಾರಿಯೂ ಗೊತ್ತಿರಬೇಕು. ಅಕ್ರಮವಾಗಿ ಠೇವಣಿ ಎತ್ತುವವರ ಬಗ್ಗೆ ರಿಸರ್ವ್ ಬ್ಯಾಂಕಿನ ‘ಸಚೇತ್’ ಜಾಲತಾಣದಲ್ಲಿ ದೂರು ಹಾಕಬಹುದು. ಅದು 2016ರಿಂದ ಇದೆ. ಕರ್ನಾಟಕದಲ್ಲಿ ಠೇವಣಿದಾರರ ಹಿತರಕ್ಷಣೆಗೆ 2004ರ ಕಾಯ್ದೆ ಇದೆ, ಕೇಂದ್ರದ ಅನಿಯಂತ್ರಿತ ಠೇವಣಿ ನಿಷೇಧ ಕಾಯ್ದೆ 2019ರಲ್ಲಿ ಬಂದಿದೆ. ಹೂಡಿಕೆ ಸಲಹೆ ಕೊಡುವವನು ಸೆಬಿಯಲ್ಲಿ ನೋಂದಾಯಿಸಿಕೊಂಡಿರಬೇಕು. ಕಂಪನಿ ನೋಂದಣಿಯ ಪತ್ರ ತೋರಿಸಿದರೆ ಅದು ಠೇವಣಿ ಎತ್ತಲು ಅನುಮತಿಯಲ್ಲ.

ಈ ಸಲ ರಂಜಾನಿಗೆ ನಿಮ್ಮ ಜಮಾತಿನವರು ಚೀಟಿ ಅಚ್ಚು ಹಾಕಿಸುವುದಾದರೆ ತೂಕ ಗ್ರಾಮಿನಲ್ಲಿರಲಿ, ಪಂಥದ ಹೆಸರಿರಲಿ, ಬಂಗಾರ ಬೆಳ್ಳಿಯ ದರದ ಪಕ್ಕ ಯಾವ ದಿನದ ದರವೆಂದು ಬರೆದಿರಲಿ. ಬರೆದವರ ಹೆಸರಿಲ್ಲದ ಚೀಟಿಯನ್ನು ಮಸೀದಿಯ ಬೋರ್ಡಿಗೆ ಹಚ್ಚಬೇಡಿ.