ರಟ್ಟೀಹಳ್ಳಿಯ ಉತಾರ ಇರುವ ತಂಪು ಕೋಣೆ

ಬೇಸಿಗೆಯ ಮಧ್ಯಾಹ್ನ ರಟ್ಟೀಹಳ್ಳಿಯಲ್ಲಿ ಕದಂಬೇಶ್ವರ ದೇವಸ್ಥಾನಕ್ಕಿಂತ ತಂಪಾದ ಜಾಗ ಸಿಗುವುದು ಕಷ್ಟ. ಮೂರು ಗರ್ಭಗುಡಿಗಳು ಒಂದೇ ಮಂಟಪಕ್ಕೆ ತೆರೆದುಕೊಳ್ಳುವ ತ್ರಿಕೂಟ ಇದು, ಕಲ್ಯಾಣ ಚಾಲುಕ್ಯ ಶೈಲಿಯದು. ಹೊರಗೆ ಕಾದ ನೆಲ, ಒಳಗೆ ಕಾಲಿಟ್ಟರೆ ಕಲ್ಲಿನ ತಂಪು. ಇಲ್ಲಿ ನೋಡಲೇಬೇಕಾದದ್ದು ಶಾಸನದ ಕಲ್ಲುಗಳು. ಆ ಕಾಲದ ದಾನಶಾಸನಗಳಲ್ಲಿ ರಾಜನ ಹೊಗಳಿಕೆ ಮುಗಿದ ಮೇಲೆ ಬರುವುದು ಹೊಲದ ಲೆಕ್ಕ: ಎಷ್ಟು ಮತ್ತರು ಭೂಮಿ, ಮೂಡಣಕ್ಕೆ ಯಾವ ಗಡಿ, ತೆಂಕಣಕ್ಕೆ ಯಾವ ಹಳ್ಳ. ಎಷ್ಟೋ ಕಡೆ ಕೊನೆಯ ಸಾಲಿನಲ್ಲಿ ಕೆತ್ತಿದ ಓಜನ ಹೆಸರೂ ಇರುತ್ತದೆ. ಕೆಲಸ ಯಾರದು ಎಂದು ಇವತ್ತಿಗೂ ಗೊತ್ತಾಗುವುದು ಅದರಿಂದಲೇ.

ನನಗೆ ಬೇಕಾದದ್ದು ಹೊಲದ ಲೆಕ್ಕ.

ಆ ಲೆಕ್ಕ ಈಗ ಊರಲ್ಲಿಲ್ಲ. ಕಲ್ಲಿನಿಂದ ಕುಲಕರ್ಣಿಯರ ದಫ್ತರಕ್ಕೆ, ಅಲ್ಲಿಂದ ತಲಾಠಿಯ ಪುಸ್ತಕಕ್ಕೆ ಹೋಯಿತು. ಈ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆ ಬಂದು ರಾಜ್ಯದ ಸುಮಾರು 2 ಕೋಟಿ ಪಹಣಿಗಳು, ಅಂದರೆ ಈ ಕಡೆಯವರು ಹೇಳುವ ಉತಾರಗಳು, ಕಂಪ್ಯೂಟರ್ ಸೇರಿದವು. ಬೆರಳಚ್ಚಿನ ಕೆಲಸಕ್ಕೆ ಖಾಸಗಿ ಏಜೆನ್ಸಿಗಳನ್ನು ಗುತ್ತಿಗೆಗೆ ಹಿಡಿದರು, ತಾಳೆ ನೋಡುವ ಹೊಣೆಯನ್ನು ತಲಾಠಿಗಳಿಗೇ ಬಿಟ್ಟರು. ಜಾಣ ವಿಂಗಡಣೆ ಅದು: ಟೈಪ್ ಮಾಡುವುದು ಬಲ್ಲವರಿಗೆ ಟೈಪು, ಹೊಲ ಬಲ್ಲವರಿಗೆ ಹೊಲ. ಆಗ ಈ ಊರು ಹಿರೇಕೆರೂರು ತಾಲ್ಲೂಕಿನಲ್ಲಿತ್ತು. ಸರ್ವರ್ ತಾಲ್ಲೂಕು ಕಚೇರಿಯ ಕೋಣೆಯಲ್ಲೇ ಇರುತ್ತಿತ್ತು, ಜೊತೆಗೆ ಯುಪಿಎಸ್, ಜನರೇಟರ್. ರೈತನ ಕಡೆಗೆ ತಿರುಗಿಸಿದ ಎರಡನೆಯ ಪರದೆಯೂ ಇತ್ತು, ತನ್ನ ಹೊಲದ ದಾಖಲೆಯನ್ನು ಅವನೂ ನೋಡಲಿ ಎಂದು. ಆಗ ಉತಾರಕ್ಕೆ 15 ರೂಪಾಯಿ ಇತ್ತು.

2018ರಲ್ಲಿ ರಟ್ಟೀಹಳ್ಳಿಯೇ ತಾಲ್ಲೂಕಾಯಿತು. ಅಷ್ಟರಲ್ಲಿ ದಾಖಲೆಗಳು ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ಹೋಗಿ ಕೂತಿದ್ದವು. ಈಗ ಇಲ್ಲಿ ಗುಂಡಿ ಒತ್ತಿದರೆ ಕಾಗದ ಬರುವುದು ಅಲ್ಲಿಯ ತಂಪು ಕೋಣೆಯ ದಯೆಯಿಂದ. ಮುಂಗಾರಿಗೆ ಮುಂಚೆ ಸೊಸೈಟಿ ಸಾಲಕ್ಕೆ, ಬೆಳೆವಿಮೆಗೆ ಉತಾರ ಬೇಕೇಬೇಕು. “ಸರ್ವರ್ ಡೌನ್ ಐತ್ರಿ, ನಾಳೆ ಬರ್ರಿ” ಎನ್ನುವ ಮಾತು ನಾಡಿನ ಯಾವ ಮೂಲೆಯಲ್ಲಿ ಕೇಳಿದರೂ ರೈತನಿಗೆ ಒಂದು ದಿನದ ಕೂಲಿ, ಬಸ್ ಚಾರ್ಜು ಹೋಯಿತೆಂದೇ ಅರ್ಥ.

ಹಾಗಾಗಿ ಆ ಕೋಣೆಯನ್ನು ಕಟ್ಟುವವರು ಯಾರು ಎಂಬ ಪ್ರಶ್ನೆ ಮೆಕ್ಕೆಜೋಳ ಬೆಳೆಯುವವನದೂ ಹೌದು. ಸರ್ವರ್‌ಗಳು ಒಳಗೆಳೆದುಕೊಳ್ಳುವ ಗಾಳಿ 18ರಿಂದ 27 ಡಿಗ್ರಿ ಸೆಲ್ಸಿಯಸ್ ಇರಬೇಕೆಂಬುದು ಒಪ್ಪಿತ ಅಳತೆ. 2022ರ ಜುಲೈನಲ್ಲಿ ಲಂಡನ್ ಬಿಸಿಲು 40 ಡಿಗ್ರಿ ದಾಟಿದ ದಿನ ಗೂಗಲ್, ಒರಾಕಲ್ ಕೇಂದ್ರಗಳ ತಂಪುಯಂತ್ರಗಳೇ ಕೈಕೊಟ್ಟವು. ಅಮೆರಿಕದ ಮರುಭೂಮಿ ನಗರ ಫೀನಿಕ್ಸ್‌ನಲ್ಲಿ 2023ರಲ್ಲಿ ಸತತ 31 ದಿನ 43 ಡಿಗ್ರಿ ಮುಟ್ಟಿತು ಅಥವಾ ದಾಟಿತು. ಆದರೂ ಅದರ ಸುತ್ತ ದತ್ತಾಂಶ ಕೇಂದ್ರಗಳು ಏಳುತ್ತಲೇ ಇವೆ. ಅಲ್ಲಿ ಬೇಸಿಗೆಯ ಕಾಂಕ್ರೀಟನ್ನು ರಾತ್ರಿ ಸುರಿಯುತ್ತಾರೆ. ಛಾವಣಿಯ ಯಂತ್ರವನ್ನು ಆರಿಸುವಾಗ ಹವಾಮಾನ ಇಲಾಖೆ ಹೇಳುವ ಉಷ್ಣತೆ ಸಾಲದು, ಕಾದ ಛಾವಣಿಯ ಮೇಲಿನ ಗಾಳಿ ಎಷ್ಟು ಬಿಸಿ ಎಂದು ಲೆಕ್ಕ ಹಾಕಬೇಕು. ನೀರು ಆವಿಯಾಗಿಸಿ ತಂಪು ಮಾಡಿದರೆ ಕರೆಂಟು ಉಳಿಯುತ್ತದೆ, ಆದರೆ ಒಣ ನಾಡಿನಲ್ಲಿ ಆ ನೀರು ಎಲ್ಲಿಯದು? ಕಚೇರಿಗಳಿಗೆ ಏಸಿ ಕೂರಿಸುವ ಗುತ್ತಿಗೆದಾರ ಎಷ್ಟೇ ಪ್ರಾಮಾಣಿಕನಾದರೂ ಈ ಲೆಕ್ಕ ಅವನ ಅನುಭವದಲ್ಲಿಲ್ಲ.

ನಮ್ಮಲ್ಲಿ ಸರ್ಕಾರಿ ಕೆಲಸಕ್ಕೆ 1999ರ ಪಾರದರ್ಶಕತೆ ಕಾಯ್ದೆ ಇದೆ, ಎರಡು ಲಕೋಟೆಯ ಟೆಂಡರ್ ಪದ್ಧತಿ ಇದೆ. ಮೊದಲು ತೆರೆಯುವುದು ತಾಂತ್ರಿಕ ಲಕೋಟೆ, ಅದರಲ್ಲಿ ಪಾಸಾದವರ ದರದ ಲಕೋಟೆ ಆಮೇಲೆ. ನನ್ನ ಮಟ್ಟಿಗೆ ಎಲ್ಲವೂ ನಿರ್ಧಾರವಾಗುವುದು ಮೊದಲನೆಯದರಲ್ಲೇ. ಅಲ್ಲಿ ವಹಿವಾಟು, ಠೇವಣಿ, ಲೈಸೆನ್ಸು ಇಷ್ಟನ್ನೇ ಕೇಳಿದರೆ ಕಡಿಮೆ ದರದವನು ಗೆಲ್ಲುತ್ತಾನೆ, ಬೇಸಿಗೆ ಬಂದಾಗ ಫೋನ್ ಎತ್ತುವುದಿಲ್ಲ. ಕೇಳಬೇಕಾದದ್ದು ಬೇರೆ. ನೀವು ಕೂರಿಸಿದ ಯಂತ್ರ ಎಷ್ಟು ಡಿಗ್ರಿಯಲ್ಲಿ ಓಡಿದೆ, ಎಲ್ಲಿ? ಒಂದು ಕೆಟ್ಟರೆ ಭಾರ ಹೊರಲು ಇನ್ನೊಂದು ಇದೆಯೇ? ಬೆಂಕಿ ಆರಿಸುವ ಅನಿಲದ ವ್ಯವಸ್ಥೆ, ಅರ್ಥಿಂಗ್ ಮಾಡಿದವರು ಸ್ವತಃ ನೀವೋ, ಇಲ್ಲಾ ನೀವು ಕೆಲಸ ದಾಟಿಸಿದ ಮೂರನೆಯವರೋ? ರಾತ್ರಿ ಎರಡಕ್ಕೆ ಕೆಟ್ಟರೆ ಬರುವವರು ಯಾರು, ಬಿಡಿಭಾಗ ಯಾವ ಊರಲ್ಲಿದೆ?

ಇದನ್ನೆಲ್ಲ ಒರೆಗೆ ಹಚ್ಚುವ ಪರೀಕ್ಷೆಯೊಂದಿದೆ. ಸರ್ವರ್ ಕೂರಿಸುವ ಮೊದಲು ಖಾಲಿ ಕೋಣೆಯಲ್ಲಿ ಅಷ್ಟೇ ಶಾಖ ಕೊಡುವ ವಿದ್ಯುತ್ ಹೀಟರ್‌ಗಳನ್ನು ಸಾಲಾಗಿ ಇಟ್ಟು ಗಂಟೆಗಟ್ಟಲೆ ಉರಿಸುತ್ತಾರೆ. ನಡುವೆ ಬೇಕೆಂದೇ ಕರೆಂಟು ತೆಗೆಯುತ್ತಾರೆ. ಯುಪಿಎಸ್ ಭಾರ ಹಿಡಿಯಬೇಕು, ಜನರೇಟರ್ ಚಾಲೂ ಆಗಬೇಕು, ತಂಪುಯಂತ್ರ ಮತ್ತೆ ಓಡಬೇಕು, ಅಷ್ಟರೊಳಗೆ ಕೋಣೆಯ ಉಷ್ಣತೆ ಮಿತಿ ಮೀರಬಾರದು. ಈ ಪರೀಕ್ಷೆಯನ್ನು ಡಿಸೆಂಬರಿನ ಚಳಿಯಲ್ಲಿ ಮುಗಿಸಿ ಬಿಲ್ಲು ಪಾಸು ಮಾಡಬಾರದು. ಕೊನೆಯ ಕಂತನ್ನು ಏಪ್ರಿಲ್‌ವರೆಗೆ ಹಿಡಿದಿಟ್ಟು, ಬಿಸಿಲು ನೆತ್ತಿಗೇರಿದ ಹೊತ್ತಿನಲ್ಲಿ ಇನ್ನೊಮ್ಮೆ ಮಾಡಿಸಬೇಕು. ಈ ಷರತ್ತು ಟೆಂಡರ್ ಕಾಗದದಲ್ಲೇ ಬರೆದಿರಲಿ.