ಮೂಳೆ ಕೂಡಿತು, ಧೈರ್ಯ?

ಸೊಂಟದ ಮೂಳೆ ಮುರಿದು ಆಪರೇಷನ್ ಆಯ್ತು.
ಎಕ್ಸ್-ರೇ ನೋಡಿ ಡಾಕ್ಟರ್, "ಚೆನ್ನಾಗಿ ಕೂಡಿದೆ" ಅಂದ್ರು.
ಆದ್ರೂ ಅಜ್ಜಿ ಮಂಚ ಬಿಟ್ಟು ಏಳ್ತಿಲ್ಲ. ಯಾಕೆ?

ಸೋಮಾರಿತನ ಅಲ್ಲ.
ಮತ್ತೆ ಬಿದ್ದುಬಿಟ್ರೆ ಅನ್ನೋ ಭಯ.

ಈ ಭಯಾನೂ ಅಳೀತಾರೆ, ಗೊತ್ತಾ?
1990ರಲ್ಲಿ ಅಮೆರಿಕದ ಡಾಕ್ಟರ್ ಮೇರಿ ಟಿನೆಟ್ಟಿ ತಂಡ ಇದಕ್ಕೊಂದು ಪ್ರಶ್ನಾವಳಿ ಮಾಡ್ತು.
ಆಮೇಲೆ ಬಂದ ಅಂತರರಾಷ್ಟ್ರೀಯ ರೂಪದಲ್ಲಿ 16 ಪ್ರಶ್ನೆ.
ಸ್ನಾನ ಮಾಡುವಾಗ ಬೀಳೋ ಚಿಂತೆ ಎಷ್ಟು?
ಮೆಟ್ಟಿಲು ಇಳಿಯುವಾಗ?
ನೆಂಟರ ಮನೆಗೆ ಹೋಗುವಾಗ?
ನನ್ನ ಫೇವರಿಟ್ ಇದು:
ಫೋನ್ ರಿಂಗ್ ನಿಲ್ಲೋದ್ರೊಳಗೆ ಎದ್ದು ಹೋಗುವಾಗ?
ಜಾಸ್ತಿ ಅಂಕ ಬಂದ್ರೆ ಜಾಸ್ತಿ ಭಯ.

ಅಂದಹಾಗೆ, ಸೊಂಟದ ಮೂಳೆ ಮುರಿಯೋದು ಹೆಂಗಸರಿಗೇ ಯಾಕೆ ಹೆಚ್ಚು?
ಮುಟ್ಟು ನಿಂತ ಮೇಲೆ ಮೂಳೆ ಬೇಗ ಸವೆಯುತ್ತೆ.

ಸರಿ, ಬೀಳಬಾರದು ಅಂತ ಕೂತೇ ಇದ್ರೆ?
ಶೆಡ್ಡಲ್ಲಿ ನಿಲ್ಲಿಸಿದ ಸ್ಕೂಟರ್‌ಗೆ ಆಕ್ಸಿಡೆಂಟ್ ಆಗಲ್ಲ, ನಿಜ.
ಬ್ಯಾಟರಿ ಮಾತ್ರ ಇಳಿದುಹೋಗಿರುತ್ತೆ.
ತೊಡೆ ಸೊರಗುತ್ತೆ, ಬ್ಯಾಲೆನ್ಸ್ ತಪ್ಪುತ್ತೆ,
ಬೀಳೋ ಅಪಾಯ ಇನ್ನೂ ಜಾಸ್ತಿ ಆಗುತ್ತೆ.

ನಾವೇನ್ ಮಾಡ್ತೀವಿ?
"ಏಳಬೇಡಮ್ಮ, ನಾನೇ ತಂದ್ಕೊಡ್ತೀನಿ."
ಪ್ರೀತಿನೇ. ಆದ್ರೆ ಭಯಕ್ಕೆ ನಾವೇ ಸಹಿ ಹಾಕಿದಂಗೆ.

ಫಿಸಿಯೋಥೆರಪಿಸ್ಟ್ ಇದರ ಉಲ್ಟಾ.
ಕುರ್ಚಿಯಿಂದ ಎಬ್ಬಿಸಿ ಮತ್ತೆ ಕೂರ್ಸ್ತಾರೆ, ಹತ್ತಾರು ಸಲ.
ವಾಕರ್ ಹಿಡಿಸಿ ಅಡುಗೆಮನೆವರೆಗೆ ನಡೆಸ್ತಾರೆ.
ಅಜ್ಜಿ ಬೈತಾರೆ, ಬೈಲಿ ಬಿಡಿ!

ಮನೇಲಿ ನಿಮ್ಮ ಕೆಲಸ?
ಬಚ್ಚಲಲ್ಲಿ ಗಟ್ಟಿ ಹಿಡಿಕೆ ಹಾಕ್ಸಿ.
ಜಾರೋ ಕಾಲೊರೆಸು ತೆಗೆದುಹಾಕಿ.
ಫಿಸಿಯೋ ಬಂದಾಗ ಒಂದು ಮಾತು ಕೇಳಿ:
ಅಕಸ್ಮಾತ್ ಬಿದ್ರೆ ನೆಲದಿಂದ ಏಳೋದು ಹೇಗೆ,
ಅದನ್ನೂ ಹೇಳಿಕೊಡ್ತೀರಾ?