ಮಳೆ ಕಾಣದ ಗುಡ್ಡಸಾಲು

ಸಾಗರ, ಹೊಸನಗರ, ತೀರ್ಥಹಳ್ಳಿಯ ಗುಡ್ಡಗಳಿಗೆ ಈಗಿನ ರೂಪ ಕೊಟ್ಟದ್ದು ಮಳೆ ಮತ್ತು ಹೊಳೆ. ಅಂಬುತೀರ್ಥದಲ್ಲಿ ಹುಟ್ಟಿ ಜೋಗದಲ್ಲಿ 253 ಮೀಟರ್ ಧುಮುಕುವ ಶರಾವತಿ ಲಕ್ಷಾಂತರ ವರ್ಷ ಬಂಡೆ ಕೊರೆದಿದೆ. 1343 ಮೀಟರ್ ಎತ್ತರದ ಕೊಡಚಾದ್ರಿಯಿಂದ, ಆಕಾಶ ತಿಳಿಯಾಗಿದ್ದ ದಿನ, ಅರಬ್ಬಿ ಕಡಲು ಕಾಣುತ್ತದೆ. ಅದರಾಚೆ ನೈರುತ್ಯಕ್ಕೆ, ಆಳವಾದ ನೀರಿನಡಿಯಲ್ಲೂ ಗುಡ್ಡಗಳಿವೆ. ಅವನ್ನು ಎಬ್ಬಿಸಿದ್ದು ನೆಲದ ಎಳೆತ.

ಅಲ್ಲಿರುವುದು ಕಾರ್ಲ್ಸ್‌ಬರ್ಗ್ ಪರ್ವತಸಾಲು. 1928–30ರ ಡೆನ್ಮಾರ್ಕಿನ 'ಡಾನಾ' ಯಾನದಲ್ಲಿ ಪತ್ತೆಯಾದದ್ದು. ಭಾರತವಿರುವ ಭೂಫಲಕ ಈಶಾನ್ಯಕ್ಕೂ ಆಫ್ರಿಕಾ ಕಡೆಯದು ನೈರುತ್ಯಕ್ಕೂ ಸರಿಯುತ್ತ, ವರ್ಷಕ್ಕೆ ಸುಮಾರು 2ರಿಂದ 3 ಸೆಂಟಿಮೀಟರ್ ದೂರವಾಗುತ್ತಿವೆ. ನಡುವಿನ ತೆರಪಿಗೆ ಕೆಳಗಿನಿಂದ ಶಿಲಾರಸ ಬಂದು ಹೊಸ ನೆಲವಾಗುತ್ತದೆ.

ಆದರೆ ಇಷ್ಟು ನಿಧಾನದ ಕಡೆ ಶಿಲಾರಸದ ಪೂರೈಕೆ ಕಡಿಮೆ. ನೆಲ ತಣಿದು, ದಪ್ಪವಾಗಿ, ಗಡುಸಾಗುತ್ತದೆ. ಎಳೆತ ಮಾತ್ರ ನಿಲ್ಲುವುದಿಲ್ಲ. ಶಿಲಾರಸ ತುಂಬಲಾಗದಷ್ಟನ್ನು ಸ್ತರಭಂಗಗಳೇ ಹೊರಬೇಕು: ಸೀಳಿನ ಒಂದು ಬದಿ ಕುಸಿಯುತ್ತದೆ, ಇನ್ನೊಂದು ಮೇಲೇಳುತ್ತದೆ. ಆ ಬಿರುಕು ಪರ್ವತಸಾಲಿನ ನಡುಗೆರೆಯಿಂದ ದೂರ ಸರಿದಾಗ ಒಳಗಡೆ ಹೊಸದು ಹುಟ್ಟುತ್ತದೆ. ಹೀಗೆ, ಉತ್ತ ಗದ್ದೆಯ ನೇಗಿಲಸಾಲಿನಂತೆ, ಒಂದಕ್ಕೊಂದು ಸಮಾನಾಂತರವಾಗಿ ಗುಡ್ಡಗಳು ಎದ್ದು ನಿಲ್ಲುತ್ತವೆ. ಒಂದು ಬಿರುಕು ಎಷ್ಟು ಕಾಲ ಜಾರುತ್ತದೋ ಗುಡ್ಡ ಅಷ್ಟು ಎತ್ತರ. ವರ್ಷಕ್ಕೆ 10 ಸೆಂಟಿಮೀಟರಿಗೂ ಹೆಚ್ಚು ವೇಗವಾಗಿ ಹಿಗ್ಗುವ ಪೂರ್ವ ಪೆಸಿಫಿಕ್ ಸಾಲಿನಲ್ಲಿ ಶಿಲಾರಸ ಧಾರಾಳ, ಗುಡ್ಡಗಳು ಹೆಚ್ಚಾಗಿ 100 ಮೀಟರ್ ಕೂಡ ಇಲ್ಲ. ನಿಧಾನದ ಸಾಲುಗಳಲ್ಲಿ ಅವು ಹಲವು ನೂರು ಮೀಟರ್ ಏರುತ್ತವೆ. ವೇಗ ಕಡಿಮೆಯಾದಷ್ಟೂ ನೆಲ ಒರಟಾಗುತ್ತದೆ ಎಂಬುದೇ ನನಗೆ ಇಲ್ಲಿನ ಅತಿ ದೊಡ್ಡ ಬೆರಗು.

ಒಂದೇ ಪರ್ವತಸಾಲಿನಲ್ಲೂ ಎಲ್ಲ ಗುಡ್ಡಗಳು ಒಂದೇ ತರಹ ಇರುವುದಿಲ್ಲ. ಸಾಲು ತುಂಡುತುಂಡಾಗಿರುತ್ತದೆ. ಪ್ರತಿ ತುಂಡಿನ ನಡುವೆ ಶಿಲಾರಸ ಹೆಚ್ಚು, ಅಲ್ಲಿನ ಗುಡ್ಡಗಳು ತಗ್ಗು, ಒತ್ತೊತ್ತು. ತುದಿಗಳಲ್ಲಿ ಬಿರುಕುಗಳು ವಿರಳ, ಆದರೆ ಭಾರಿ. ಕೆಲವೊಮ್ಮೆ ಒಂದೇ ಬಿರುಕು ಹತ್ತು ಲಕ್ಷ ವರ್ಷಕ್ಕೂ ಹೆಚ್ಚು ಜಾರಿ, ಭೂಮಿಯ ಒಳಪದರದ ಶಿಲೆಯನ್ನೇ ಗುಮ್ಮಟದಂತೆ ಹೊರಗೆಳೆದು ತರುತ್ತದೆ.

ಕಡಲತಳ ಹುಟ್ಟಿ ಇಬ್ಬದಿಗೆ ಸರಿಯುತ್ತದೆಂಬ ವಾದಕ್ಕೆ ಬಲ ಬಂದದ್ದೂ ಇಲ್ಲಿಂದಲೇ. 1962ರಲ್ಲಿ ಬ್ರಿಟನ್ನಿನ 'ಓವೆನ್' ಹಡಗು ಈ ಸಾಲಿನ ಮೇಲೆ ಅಳೆದ ಕಾಂತೀಯತೆಯನ್ನು ಆಧರಿಸಿ ಫ್ರೆಡ್ ವೈನ್ ಮತ್ತು ಡ್ರಮಂಡ್ ಮ್ಯಾಥ್ಯೂಸ್ 1963ರಲ್ಲಿ ತಮ್ಮ ಪ್ರಸಿದ್ಧ ಪ್ರಬಂಧ ಪ್ರಕಟಿಸಿದರು.

ಈ ಗುಡ್ಡಗಳನ್ನು ಕೊರೆಯುವ ಹೊಳೆಯಿಲ್ಲ, ಆದರೆ ಮುಚ್ಚುವ ಹೂಳಿದೆ. ಉತ್ತರಕ್ಕೆ ಹೋದಂತೆ ಸಿಂಧೂ ನದಿ ಹೊತ್ತು ತಂದ ಮಣ್ಣು ಕಿಲೋಮೀಟರ್‌ಗಟ್ಟಲೆ ದಪ್ಪವಾಗಿ ಹರಡಿದೆ. ಅದರಡಿ ಹೂತ ಹಳೆಯ ನೆಲದ ಏರುತಗ್ಗು ತಿಳಿಯಲು ಹಡಗಿನಿಂದ ಕಳಿಸಿದ ಧ್ವನಿತರಂಗ ಹೂಳನ್ನು ದಾಟಿ, ಬಂಡೆಗೆ ಬಡಿದು ಮರಳಬೇಕು.